ಪುಕ್ಕಟೆಯದೋ, ಕ್ರಯದ್ದೋ?

ಸಣ್ಣ ಹೋಟೆಲುಗಳಲ್ಲಿಯೂ ಇಂದು ಗಲ್ಲಾದ ಬಳಿ ಒಂದು, ಉಗ್ರಾಣದಲ್ಲಿ ಒಂದು, ಲೆಕ್ಕದ ಕೋಣೆಯಲ್ಲಿ ಒಂದು ಎಂದು ಕಂಪ್ಯೂಟರುಗಳು ಪರಸ್ಪರ ಜೋಡಿಸಲ್ಪಟ್ಟಿವೆ. ಕೀರ್ದಿ, ಖಾತೆ, ಹಾಜರಿ, ಮುಂಗಡ, ಪ್ರಾವಿಡೆಂಟ್ ಫಂಡು ಎಲ್ಲವೂ ಅವುಗಳ ಹೊಟ್ಟೆಯೊಳಗಿವೆ. ಇವುಗಳ ನಕಲನ್ನು ಪ್ರತಿರಾತ್ರಿ ತೆಗೆದಿಡುವ ಬ್ಯಾಕಪ್ ಸಾಫ್ಟ್‌ವೇರು ಪುಕ್ಕಟೆಯದಿದ್ದರೆ ಸಾಕೋ, ಹಣ ತೆತ್ತು ಕೊಳ್ಳಬೇಕೋ ಎಂದು ಗುಮಾಸ್ತ ಬಂಧುಗಳು ನಮ್ಮನ್ನು ಕೇಳುವುದುಂಟು.

ಉತ್ತರಕ್ಕೆ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ಲೇಸು. ನಾವು ಹೋಟೆಲು ನಡೆಸುತ್ತಿದ್ದಾಗ ಕ್ರಯದ ಬ್ಯಾಕಪ್ಪನ್ನೇ ಇರಿಸಿದ್ದೆವು. ಒಂದು ದಿನ ಡಿಸ್ಕ್ ಕೆಟ್ಟಿತು. ನಕಲನ್ನು ತೆರೆದರೆ ನಾಲ್ಕು ತಿಂಗಳಿಂದ ಅದರಲ್ಲಿ ಏನೂ ಸೇರಿರಲಿಲ್ಲ! ಹುಡುಗರ ಮುಂಗಡದ ಲೆಕ್ಕ ಹೋಯಿತು. ಬಟವಾಡೆಯ ದಿನ ಜಗಳವಾಯಿತು. ಗುಮಾಸ್ತನನ್ನು ಎಲ್ಲರೆದುರು ಗದರಿದೆವು. ಅವನು, “ಧಣಿಗಳೇ, ನಕಲು ತೆಗೆಯಲು ಹೇಳಿದಿರಿ, ತೆರೆದು ನೋಡಲು ಎಂದಾದರೂ ಪುರಸತ್ತು ಕೊಟ್ಟಿರಾ?” ಎಂದನು. ನಮ್ಮಲ್ಲಿ ಉತ್ತರವಿರಲಿಲ್ಲ.

ಎಲ್ಲರ ಮನೆಯ ದೋಸೆಯೂ ತೂತೇ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ನೌಕರನೊಬ್ಬನ ಕೈತಪ್ಪಿನಿಂದ ಮುಖ್ಯ ದಾಖಲೆಗಳು ಅಳಿಸಿಹೋದವು. ನಿತ್ಯದ ನಕಲು ತೆಗೆಯಬೇಕಾಗಿದ್ದ ಪುಕ್ಕಟೆಯ ಸಾಧನವು ಸದ್ದಿಲ್ಲದೆ ವಿಫಲವಾಗುತ್ತಿದ್ದುದು ಆಗಲೇ ತಿಳಿದುದು. ಆರು ತಾಸುಗಳ ಹಿಂದೆ ಬೇರೊಂದು ಕೆಲಸಕ್ಕಾಗಿ ತೆಗೆದಿದ್ದ ಪ್ರತಿಯೊಂದು ಅವರ ಮಾನ ಉಳಿಸಿತು. ಕ್ರಯದ್ದಾದರೂ ಅಷ್ಟೇ: 2021ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದಲ್ಲಿ, ಹೆಸರಾಂತ ಕಂಪೆನಿ ಒದಗಿಸಿದ್ದ ಬ್ಯಾಕಪ್ಪಿನ ದೋಷದಿಂದಲೇ ಸುಮಾರು 77 ಟೆರಾಬೈಟಿನಷ್ಟು ದಾಖಲೆಗಳು ಅಳಿಸಿದವು.

ಆದುದರಿಂದ ಬೆಲೆಯೊಂದನ್ನೇ ನೋಡಿ ತೀರ್ಮಾನಿಸತಕ್ಕದ್ದಲ್ಲ. ಅಮಾಂಡಾ, ಬ್ಯಾಕ್ಯುಲಾಗಳಂತಹ ಪುಕ್ಕಟೆ ಸಾಫ್ಟ್‌ವೇರುಗಳು ಹಲವು ಯಂತ್ರಗಳ ನಕಲನ್ನು ಒಂದೆಡೆ ಕೂಡಿಸಬಲ್ಲವು, ಲೈಸೆನ್ಸಿನ ಖರ್ಚಿಲ್ಲ. ಆದರೆ ಅವನ್ನು ಅಣಿಗೊಳಿಸಲು ಬಲ್ಲವನೊಬ್ಬನು ಬೇಕು. ಅವನ ವೇಳೆಗೂ ಬೆಲೆಯಿದೆ. ಕ್ರಯದ್ದರಲ್ಲಿ ಅಡಚಣೆಯಾದಾಗ ಕೇಳಲು ಒಬ್ಬರಿರುತ್ತಾರೆ. ಆದರೆ ಅನೇಕ ಕಡೆ ವರ್ಷ ವರ್ಷವೂ ಹಣ ತೆರಬೇಕು. ತೆರುವುದನ್ನು ನಿಲ್ಲಿಸಿದರೆ ಹಳೆಯ ನಕಲುಗಳು ತೆರೆಯುವುವೇ ಎಂಬುದನ್ನು ಕೊಳ್ಳುವ ಮೊದಲೇ ಕೇಳಿ ಬರೆಯಿಸಿಕೊಳ್ಳಬೇಕು.

ಬಲ್ಲವನಿದ್ದಲ್ಲಿ ಪುಕ್ಕಟೆಯದೇ ಸಾಕು. ಉಳಿದ ಹಣದಲ್ಲಿ ಒಂದಂಶ ಅವನ ಸಂಬಳಕ್ಕೆ ಸೇರಲಿ. ಇಲ್ಲದಲ್ಲಿ ಕ್ರಯದ್ದನ್ನೇ ಕೊಳ್ಳುವುದು ಉಚಿತ. ಯಾವುದಾದರೂ ಸರಿ, ಮೂಲವೂ ಸೇರಿ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಕಟ್ಟಡದ ಹೊರಗಿರಲಿ. ತಿಂಗಳಿಗೊಮ್ಮೆ ಒಂದು ಖಾತೆಯನ್ನು ನಕಲಿನಿಂದ ಮರಳಿ ತೆರೆದು ನೋಡಿರಿ. ಅಡಿಗೆಯ ಭಟ್ಟನು ಹುಳಿಯನ್ನು ಅಂಗೈಗೆ ಹಾಕಿ ರುಚಿ ನೋಡದೆ ಪಂಕ್ತಿಗೆ ಕಳುಹಿಸುವನೇ?

ಧಣಿಗಳಿಗೆ ಒಂದು ಮಾತು: ಈ ಪರೀಕ್ಷೆಗೆ ಗುಮಾಸ್ತನಿಗೆ ತಿಂಗಳಲ್ಲಿ ಅರ್ಧ ದಿನ ಬಿಡುವು ಕೊಡಿರಿ. ಕೊಡದೆ ಅವನನ್ನು ದೂರುವ ಹಕ್ಕು ನಮಗಿಲ್ಲ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು?