ಗರಿ ಅಂಟಿಸಿದವರು ಯಾರು?

ಪುಣೆಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಬ್ಯಾಂಕಿನಲ್ಲಿ ಲೆಕ್ಕದ ತಪ್ಪು ಹುಡುಕುವುದರಲ್ಲೇ ಅರ್ಧ ಆಯುಷ್ಯ ಕಳೆದವನು ನಾನು. ಅಂಥವನು ಮನೆಯ ಲೆಕ್ಕದಲ್ಲೇ ಎಡವಿದೆ ನೋಡಿ...

ಹತ್ತನೇ ತರಗತಿಯ ಮಗಳಿಗೆ ಎರಡು ವರ್ಷದಿಂದ ಬಿಲ್ಲಿನ ಹುಚ್ಚು. ಈ ಕಡೆ ಅದೇನು ಆಶ್ಚರ್ಯವಲ್ಲ ಬಿಡಿ. 2001ರಲ್ಲಿ ಶುರುವಾದ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್ ಇಲ್ಲೇ ಇದೆ. ಅಲ್ಲಿ ಪಳಗಿದ ಸಾತಾರಾ ಜಿಲ್ಲೆಯ ಪ್ರವೀಣ ಜಾಧವ 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ಗೆ ಹೋದರು. ನಾವು ಹುಬ್ಬಳ್ಳಿಗೆ ಹೋಗುವಾಗ ಚಹಾಕ್ಕೆ ಇಳಿಯುವ ಅದೇ ಸಾತಾರಾದ ಅದಿತಿ ಸ್ವಾಮಿ 2023ರಲ್ಲಿ ಬರ್ಲಿನ್‌ನಲ್ಲಿ, ಹದಿನೇಳನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದರು.

ಮಗಳ ಆರು ಬಾಣಗಳಲ್ಲಿ ನಾಲ್ಕು ಒಂದೇ ಕಡೆ ನಾಟುತ್ತಿದ್ದವು. ಎರಡು ಮಾತ್ರ ಎಲ್ಲೆಲ್ಲೋ. "ಲಕ್ಷ್ಯ ಎಲ್ಲೆ ಅದ ನಿಂದು? ಮೊಬೈಲ್‌ದಾಗ?" ಎಂದು ಮೂರು ತಿಂಗಳು ಬೈದೆ. "ಅಪ್ಪಾ, ನಾ ಬರೋಬ್ಬರಿನೇ ಬಿಟ್ಟೀನಿ" ಅಂತಿದ್ದಳು. ಆಮೇಲೆ ಅದನ್ನೂ ಅನ್ನುವುದು ಬಿಟ್ಟಳು.

ಕೊನೆಗೆ ಅವಳ ಕೋಚ್ ಬಾಣಗಳ ಮೇಲೆ ಒಂದರಿಂದ ಆರರವರೆಗೆ ನಂಬರ್ ಬರೆದರು. ಪ್ರತಿ ಸಲ ಹೊರಗೆ ಹೋದದ್ದು ನಾಲ್ಕು ಮತ್ತು ಆರು. ಬೇರೆ ಬೇರೆ ಬಾಣ ತಪ್ಪಿದ್ದರೆ ದೋಷ ಕೈಯದು. ಅದೇ ಬಾಣ ಮತ್ತೆ ಮತ್ತೆ ತಪ್ಪಿದರೆ ದೋಷ ಬಾಣದ್ದು. ಆ ಎರಡರ ಗರಿ ಉದುರಿದಾಗ ಗೋಂದು ಹಚ್ಚಿ ಅಂಟಿಸಿದವರು ಯಾರು? ನಾನೇ! ಒಂದು ಸೆಂಟಿಮೀಟರ್ ಮುಂದಕ್ಕೆ, ಅದೂ ಸೊಟ್ಟಗೆ.

ಗರಿಯ ಕೆಲಸ ಗಾಳಿಪಟದ ಬಾಲಂಗೋಚಿಯಂಥದ್ದು. ಬಾಣದ ಭಾರ ಮುಂದೆ, ಗರಿ ಹಿಂದೆ. ಬಾಲ ಓಲಾಡಿದರೆ ಗಾಳಿ ಗರಿಯನ್ನು ತಳ್ಳಿ ನೇರ ಮಾಡುತ್ತದೆ. ಬಾಗಿಲನ್ನು ತಿರುಗಣಿಯ ಹತ್ತಿರ ತಳ್ಳಿದರೆ ಹೆಚ್ಚು ಬಲ ಬೇಕಲ್ಲ, ಹಾಗೆಯೇ ಗರಿ ಮುಂದೆ ಸರಿದಷ್ಟೂ ಅದರ ಹಿಡಿತ ಕಡಿಮೆ. ತೀರಾ ಹಿಂದಿಟ್ಟರೆ ಹೆದೆ ಎಳೆಯುವ ಬೆರಳಿಗೇ ತಾಗುತ್ತದೆ. ಆರೂ ಬಾಣಗಳಲ್ಲಿ ಸಮನಾಗಿ ಅಷ್ಟು ಮುಂದಿದ್ದರೆ ಹೊಂದಿಸಿಕೊಳ್ಳಬಹುದಿತ್ತು. ಎರಡು ಬೇರೆ ಇದ್ದದ್ದೇ ತೊಂದರೆ.

ಕೈಯನ್ನೇ ದೂರುವವರು ಕ್ರಾಸ್‌ಬೋ ನೋಡಬೇಕು. ದಿಮ್ಮಿಗೆ ಅಡ್ಡಲಾಗಿ ಬಿಲ್ಲು. ಎಳೆದ ಹೆದೆಯನ್ನು ಕೊಂಡಿಯೇ ಹಿಡಿದಿರುತ್ತದೆ. ಬಂದೂಕಿನ ಹಾಗೆ ಕುದುರೆ ಎಳೆದರಾಯಿತು. ಹೆದೆ ಬಿಡುವ ಬೆರಳಿನ ತಪ್ಪು ಅಲ್ಲಿಲ್ಲ. ಆದರೂ ಗರಿ ಕೆಟ್ಟರೆ ಅದೂ ಗುರಿ ತಪ್ಪುತ್ತದೆ. ಅದರ ಬಾಣ ಗಿಡ್ಡ, ಹಾಗಾಗಿ ಗರಿ ಸರಿಯಾದ ಜಾಗದಲ್ಲಿರುವುದು ಇನ್ನೂ ಮುಖ್ಯ. ಮೇಲಾಗಿ ಮೂರು ಗರಿಗಳಲ್ಲಿ ಒಂದು, ಸಾಮಾನ್ಯವಾಗಿ ಬೇರೆ ಬಣ್ಣದ್ದು, ದಿಮ್ಮಿಯ ಮೇಲಿನ ತೋಡಿನಲ್ಲಿ ಕೂರಬೇಕು. ಸೊಟ್ಟಗಿದ್ದರೆ ಹೊರಡುವಾಗಲೇ ಉಜ್ಜಿ, ಬಾಣ ದಾರಿ ಬಿಡುತ್ತದೆ.

ಹಳೆಯ ಲೆಡ್ಜರ್ ಕಾಲದಲ್ಲಿ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ, ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆಯೇ ನೋಡುತ್ತಿದ್ದೆವು. ಭಾಗವಾದರೆ, 54 ಬರೆಯುವ ಕಡೆ 45 ಬರೆದಂತೆ ಯಾರೋ ಅಂಕಿ ಹಿಂದುಮುಂದು ಮಾಡಿದ್ದಾರೆ ಎಂಬ ಗುಮಾನಿ. ಕ್ಲರ್ಕ್‌ನನ್ನು ಬೈಯುವ ಮೊದಲು ವೋಚರ್ ತೆಗೆಯುತ್ತಿದ್ದೆವು. ಆ ನ್ಯಾಯ ಮಗಳಿಗೆ ಮಾತ್ರ ಸಿಗಲಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಬಿಲ್ಲಿಗೆ ಸಾವಿರಗಟ್ಟಲೆ ಸುರಿಯುವ ನಾವು ಮೊದಲು ಮಕ್ಕಳಿಗೆ ಗರಿ ಅಂಟಿಸುವ ಅಚ್ಚು ಕೊಡಿಸಬೇಕು. ಕ್ಲಾಸಿನವರೂ ಮೊದಲ ತಿಂಗಳೇ ಅದನ್ನು ಕಲಿಸಬೇಕು. ಮತ್ತೆ, ಗುರಿ ತಪ್ಪಿದಾಗ ಮಗುವಿನ ಲಕ್ಷ್ಯ ಕೇಳುವ ಮೊದಲು ಬಾಣದ ನಂಬರ್ ಕೇಳಬೇಕು.

ತಪ್ಪಾಯಿತೆಂದು ಮಗಳ ಮುಂದೆ ಒಪ್ಪಿಕೊಂಡೆ. ಅವಳು ನಕ್ಕಳು. "ಇರ್ಲಿ ಬಿಡಪ್ಪಾ. ಇನ್ನ ಮ್ಯಾಲೆ ಗರಿ ನಾನ ಅಂಟಿಸ್ತೀನಿ, ನೀ ಮುಟ್ಟಬ್ಯಾಡ."

ನಿಮ್ಮ ಮನೆಯಲ್ಲೂ ಇಂಥ ನಾಲ್ಕು, ಆರು ನಂಬರಿನ ಬಾಣ ಇವೆಯೇ? ಒಮ್ಮೆ ನೋಡಿ...