ಮುಚ್ಚಿಟ್ಟ ಉಳಿತಾಯ, ಮುಚ್ಚಿಟ್ಟ ಸಾಲ

2013ರ ನವೆಂಬರ್‌ನಲ್ಲಿ ಬೆಂಗಳೂರಿನ ಬಾಣಂತಿಯೊಬ್ಬರು ತಮ್ಮ ಎಟಿಎಂ ಕಾರ್ಡನ್ನು ಗಂಡನ ಕೈಗಿತ್ತು, ಪಿನ್ ನಂಬರನ್ನೂ ಹೇಳಿ, 25,000 ರೂಪಾಯಿ ತರಲು ಕಳಿಸಿದರು. ಯಂತ್ರದಿಂದ ಚೀಟಿ ಬಂತು, ನೋಟು ಬರಲಿಲ್ಲ. ಖಾತೆಯಲ್ಲಿ ಮಾತ್ರ ಹಣ ಕಡಿತವಾಗಿತ್ತು. ಬ್ಯಾಂಕು ವಾಪಸ್ ಕೊಡಲು ಒಪ್ಪದಿದ್ದಾಗ ಅವರು ಗ್ರಾಹಕರ ವೇದಿಕೆಯ ಮೆಟ್ಟಿಲು ಹತ್ತಿದರು. ವರ್ಷಗಟ್ಟಲೆ ಅಲೆದ ಮೇಲೆ, 2018ರಲ್ಲಿ, ತೀರ್ಪು ಬಂದದ್ದು ಬ್ಯಾಂಕಿನ ಪರ. ಪಿನ್ ಅನ್ನು ಇನ್ನೊಬ್ಬರಿಗೆ ಹೇಳಿದ್ದೇ ತಪ್ಪು, ಹೋಗಲಾಗದಿದ್ದರೆ ಸೆಲ್ಫ್ ಚೆಕ್ಕನ್ನೋ ಅಧಿಕಾರಪತ್ರವನ್ನೋ ಕೊಟ್ಟು ಕಳಿಸಬೇಕಿತ್ತು ಎಂದಿತು ವೇದಿಕೆ.

ಬ್ಯಾಂಕಿನ ಲೆಕ್ಕದಲ್ಲಿ ಗಂಡನೂ ಹೊರಗಿನವನೇ. ಮನೆಯ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಪಿನ್ ಹೇಳದ ಹೆಂಡತಿಗೆ ‘ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?’ ಎಂಬ ಪ್ರಶ್ನೆ ಎದುರಾಗುತ್ತದೆ. ಸಂಬಳ ಎಷ್ಟೆಂದು ಕೇಳಿದ ಹೆಂಡತಿಗೆ ‘ನಿನಗ್ಯಾಕೆ ಅದೆಲ್ಲ, ಮನೆಗೆ ಏನು ಕಡಿಮೆ ಮಾಡಿದೀನಿ?’ ಎಂಬ ಉತ್ತರ ಸಿಗುತ್ತದೆ. ಎರಡೂ ಒಂದೇ ಬಾಯಿಂದ ಬರುವುದುಂಟು. ಗಂಡ ಹೆಂಡತಿ ನಡುವೆ ದುಡ್ಡಿನ ಗುಟ್ಟು ಇರಲೇಬಾರದು ಎಂದು ಬುದ್ಧಿ ಹೇಳುವವರು ಗುಟ್ಟುಗಳನ್ನೆಲ್ಲ ಒಂದೇ ತಕ್ಕಡಿಗೆ ಹಾಕಿಬಿಡುತ್ತಾರೆ. ನನ್ನ ತಕರಾರು ಇರುವುದು ಅಲ್ಲಿಯೇ. ಉಳಿತಾಯ ಮುಚ್ಚಿಡುವುದು ಬೇರೆ, ಸಾಲ ಮುಚ್ಚಿಡುವುದು ಬೇರೆ. ಮೊದಲನೆಯದು ಬಯಲಾದರೆ ಒಂದು ದಿನದ ಮುನಿಸು. ಎರಡನೆಯದು ಬಯಲಾಗುವ ಹೊತ್ತಿಗೆ ಮನೆಯೇ ಅಡವಾಗಿರುತ್ತದೆ.

ಉಳಿತಾಯದ ಗುಟ್ಟು ಇಡೀ ದೇಶದಲ್ಲಿ ಒಂದೇ ಸಲಕ್ಕೆ ರಟ್ಟಾದದ್ದು 2016ರ ನವೆಂಬರ್ 8ರ ರಾತ್ರಿ. 500, 1,000ದ ನೋಟು ನಡೆಯುವುದಿಲ್ಲ ಎಂದು ಪ್ರಧಾನಿ ಘೋಷಿಸಿದ ಮೇಲೆ ಸಾಸಿವೆ ಡಬ್ಬಿ, ಅಕ್ಕಿ ಡ್ರಮ್ಮು, ರೇಷ್ಮೆ ಸೀರೆಯ ಮಡಿಕೆ, ಬೀರುವಿನಲ್ಲಿ ಹಾಸಿದ ಹಳೇ ಪೇಪರಿನ ಅಡಿ, ಹೀಗೆ ಎಲ್ಲೆಲ್ಲಿಂದಲೋ ನೋಟುಗಳು ಹೊರಬಂದವು. ದಿನಸಿಯಲ್ಲಿ ಮಿಗಿಸಿದ್ದು, ತವರಿನವರು ಹಬ್ಬಕ್ಕೆ ಕೊಟ್ಟಿದ್ದು, ಡೇರಿಗೆ ಹಾಲು ಹಾಕಿದ್ದು, ಚೀಟಿ ಎತ್ತಿದ್ದು. ಬದಲಾಯಿಸಬೇಕೆಂದರೆ ಮನೆಯಲ್ಲಿ ಹೇಳಲೇಬೇಕು. ಗೃಹಿಣಿಯರು ಎರಡೂವರೆ ಲಕ್ಷದವರೆಗೆ ಕಟ್ಟಿದರೆ ಪ್ರಶ್ನಿಸುವುದಿಲ್ಲವೆಂದು ಸರ್ಕಾರವೇ ಹೇಳಬೇಕಾಯಿತು. ಹಾಗೆ ಹೇಳಿದ ಮೇಲೂ ನೋಟಿಸು ಹೋದವು. ಕೊನೆಗೆ 2021ರಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಆಗ್ರಾ ಪೀಠ, ಆ ಮಿತಿಯೊಳಗಿನ ಠೇವಣಿಯನ್ನು ಗೃಹಿಣಿಯ ಆದಾಯವೆಂದು ಎಣಿಸುವಂತಿಲ್ಲ ಎಂದು ತೀರ್ಮಾನಿಸಿತು.

ಆ ವಾರ ಗಂಡಂದಿರಿಗೆ ಅದು ದೊಡ್ಡ ತಮಾಷೆಯ ಸಂಗತಿ. ‘ನಮ್ಮನೆಯೋಳ ಹತ್ರ ನನಗಿಂತ ಜಾಸ್ತಿ ಇದೆ ಕಣ್ರೀ’ ಎಂಬ ಮಾತು ಆಫೀಸು, ಹೋಟೆಲು, ಕಟ್ಟೆಗಳಲ್ಲೆಲ್ಲ ಓಡಾಡಿತು. ಬಚ್ಚಿಡುವ ಪರಿಸ್ಥಿತಿ ಯಾಕೆ ಬಂತೆಂದು ಕೇಳಿದವರು ಕಡಿಮೆ. ದುಡಿದದ್ದರ ಮೇಲೆ, ಉಳಿಸಿದ್ದರ ಮೇಲೆ ಹಕ್ಕಿದೆ ಎಂಬ ಧೈರ್ಯವಿದ್ದವರು ಡಬ್ಬಿಗೆ ಕೈ ಹಾಕುವುದಿಲ್ಲ. ಹೇಳಿದರೆ ಖರ್ಚಾಗಿಬಿಡುತ್ತದೆ, ಕುಡಿತಕ್ಕೋ ಮೈದುನನ ವ್ಯಾಪಾರಕ್ಕೋ ಹೋಗಿಬಿಡುತ್ತದೆ ಎಂದು ಗೊತ್ತಿದ್ದವರು ಹಾಕುತ್ತಾರೆ. ಸ್ತ್ರೀಧನದ ಮೇಲೆ ಗಂಡನಿಗೆ ಯಾವ ಹಿಡಿತವೂ ಇಲ್ಲ, ಕಷ್ಟಕ್ಕೆ ಬಳಸಿಕೊಂಡರೂ ಹಿಂತಿರುಗಿಸಬೇಕಾದದ್ದು ಅವನ ನೈತಿಕ ಹೊಣೆ ಎಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ನೆನಪಿಸಬೇಕಾಯಿತು. ಮತ್ತೊಮ್ಮೆ ಎಂದೆ, ಯಾಕೆಂದರೆ ಅದೇ ಮಾತನ್ನು ಆ ನ್ಯಾಯಾಲಯ 1985ರಲ್ಲೇ ಹೇಳಿತ್ತು.

2023ರ ಆಗಸ್ಟ್‌ನಿಂದ ರಾಜ್ಯದಲ್ಲಿ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೇ ಬೀಳುತ್ತಿದೆ. ಆದರೆ ಖಾತೆಗೆ ಜೋಡಿಸಿದ ಮೊಬೈಲ್ ನಂಬರು ಯಾರದು ಎಂದು ಬ್ಯಾಂಕಿನ ಕೌಂಟರಿನಲ್ಲಿ ವಿಚಾರಿಸಿ ನೋಡಿ. ಹಣ ಬಂದ ಮೆಸೇಜು ಮೊದಲು ಗಂಡನ, ಇಲ್ಲವೇ ಮಗನ ಫೋನಿಗೆ ಹೋಗುವ ಮನೆಗಳಿವೆ. ಅವಳ ದುಡ್ಡು ಬಂತೆಂದು ಅವಳಿಗಿಂತ ಮೊದಲು ಅವರಿಗೆ ಗೊತ್ತು. ಅವನ ಸಂಬಳದ ಮೆಸೇಜು ಅವಳ ಫೋನಿಗೆ ಬರುವ ಮನೆಗಳು ಎಷ್ಟಿದ್ದಾವು?

ಇನ್ನು ಸಾಲ. ಇದರ ವರಸೆಯೇ ಬೇರೆ. ಈಗಿನ ಸಾಲಕ್ಕೆ ಸಾಕ್ಷಿ ಬೇಕಿಲ್ಲ, ಅಡವು ಬೇಕಿಲ್ಲ, ಮನೆಯ ಹೊಸಿಲು ದಾಟಬೇಕಿಲ್ಲ. ಪಕ್ಕದಲ್ಲಿ ಹೆಂಡತಿ ಮಲಗಿರುವಾಗಲೇ ಫೋನಿನಲ್ಲಿ ಸಾಲ ಮಂಜೂರಾಗಿ, ಅದೇ ಫೋನಿನಲ್ಲಿ ಆಟಕ್ಕೆ ಕಟ್ಟಿ, ಬೆಳಗಾಗುವುದರೊಳಗೆ ಕಳೆದುಹೋಗಿರುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ತಂದ ಕಾನೂನನ್ನು ಹೈಕೋರ್ಟ್ ಮರುವರ್ಷ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಅಂಥ ಕಾಯ್ದೆ ಮಾಡಿದೆ. ಆದರೆ ಆಟ ನಿಂತಿತೆಂದು ಆಟಕ್ಕೆ ಮಾಡಿದ ಸಾಲ ತೀರುವುದಿಲ್ಲವಲ್ಲ. ಅದು ಹೆಂಡತಿಗೆ ತಿಳಿಯುವುದು ಗಂಡನಿಂದಲ್ಲ, ಫೋನಿನಲ್ಲಿದ್ದ ನಂಬರುಗಳನ್ನೆಲ್ಲ ಹೆಕ್ಕಿಕೊಂಡು ಅವಳ ಅಣ್ಣನಿಗೆ ಕರೆ ಮಾಡುವ ವಸೂಲಿಯವನಿಂದ.

ಇದು ಗಂಡಸರದ್ದೇ ರೋಗ ಎಂದು ತಿಳಿಯಬೇಕಿಲ್ಲ. ಮೈಕ್ರೊ ಫೈನಾನ್ಸ್ ಸಾಲಗಳು ಬಹುಪಾಲು ಹೆಂಗಸರ ಹೆಸರಿನಲ್ಲೇ ಇರುತ್ತವೆ. ಮೊದಲ ಸಾಲದ ಹಣವನ್ನು ಗಂಡ ಕೊಳವೆಬಾವಿಗೋ ಬೈಕಿಗೋ ಹಾಕಿರುತ್ತಾನೆ. ಅದರ ವಾರದ ಕಂತು ಕಟ್ಟಲು ಎರಡನೆಯ ಸಂಘ, ಎರಡನೆಯದಕ್ಕೆ ಮೂರನೆಯದು. ಮೂರನೆಯದು ಗಂಡನಿಗೆ ಗೊತ್ತಿರುವುದಿಲ್ಲ. ಗುಂಪಿನ ಉಳಿದ ಹೆಂಗಸರು ಬಂದು ಜಗಲಿಯಲ್ಲಿ ಕೂತಾಗಲೇ ಗೊತ್ತಾಗುವುದು. ವಸೂಲಿ ಕಿರುಕುಳಕ್ಕೆ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿ ಹೆಚ್ಚಿದಾಗ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿತು. ಬಾಗಿಲಿಗೆ ಬಂದು ಕಾಡುವವನನ್ನು ಅದು ತಡೆದೀತು. ಮೂರನೆಯ ಸಾಲವನ್ನು ಗಂಡನಿಗೆ ಹೇಳಲಾರದೆ ಒಳಗೊಳಗೇ ಬೇಯುವ ಹೆಂಗಸಿಗೆ ಅದರಿಂದ ಏನೂ ಆಗದು.

ಎಲ್ಲಕ್ಕಿಂತ ಕೆಟ್ಟದ್ದು ಸಹಿಯ ಸಾಲ. ಪತ್ರಿಕೆಗಳ ಒಳಪುಟದಲ್ಲಿ ಬ್ಯಾಂಕುಗಳು ಕೊಡುವ ಸ್ವಾಧೀನ ಪ್ರಕಟಣೆಗಳನ್ನು ಒಮ್ಮೆ ಓದಿ. ಸಾಲಗಾರರು ಇಂಥವರು, ಸಹ ಸಾಲಗಾರರು ಶ್ರೀಮತಿ ಇಂಥವರು ಕೋಂ ಇಂಥವರು, ಮನೆಯ ಚೆಕ್ಕುಬಂದಿ ಇಂತಿಷ್ಟು. ಆ ‘ಕೋಂ’ಗಳಲ್ಲಿ ಎಷ್ಟು ಮಂದಿಗೆ ತಾವು ಯಾವುದಕ್ಕೆ ಸಹಿ ಹಾಕಿದೆವೆಂದು ಗೊತ್ತಿತ್ತು? ‘ಇಲ್ಲೊಂದು ಸೈನ್ ಹಾಕು, ಮ್ಯಾನೇಜರ್ ಕಾಯ್ತಿದಾರೆ’ ಎಂದಾಗ ಹಾಕಿದ್ದು. 1872ರ ಕರಾರು ಕಾಯ್ದೆಯ ಪ್ರಕಾರ, ಬೇರೆ ಷರತ್ತು ಇಲ್ಲದಿದ್ದರೆ, ಜಾಮೀನುದಾರರ ಹೊಣೆ ಸಾಲಗಾರನ ಹೊಣೆಯಷ್ಟೇ. ಓದಿರಲಿಲ್ಲ ಎಂಬುದು ಅಲ್ಲಿ ನಡೆಯುವ ಮಾತಲ್ಲ. ಡಿಮಾಂಡ್ ನೋಟಿಸ್ ಬಂದು 60 ದಿನ ಕಳೆದರೆ ಬ್ಯಾಂಕಿನವರು ಗೋಡೆಗೆ ಕಾಗದ ಅಂಟಿಸಿ ಹೋಗುತ್ತಾರೆ. ಇದರ ಇನ್ನೊಂದು ಮಗ್ಗುಲೂ ತಿಳಿದಿರಬೇಕು. ಸಹಿ ಹಾಕದ ಸಾಲಕ್ಕೆ ಹೆಂಡತಿ ಹೊಣೆಯಲ್ಲ. ಗಂಡ ತೀರಿಕೊಂಡರೂ ಅವನಿಂದ ಬಂದ ಆಸ್ತಿಯ ಮಟ್ಟಿಗಷ್ಟೇ ಸಾಲ ಕೊಟ್ಟವರು ಕೇಳಬಹುದು. ಇದು ಗೊತ್ತಿಲ್ಲದೆ ತಾಳಿಯ ಚಿನ್ನ ಮಾರಿ ತೀರಿಸಿದ ವಿಧವೆಯರಿದ್ದಾರೆ.

ಕಾನೂನು ಈ ಗುಟ್ಟುಗಳನ್ನು ಯಾವಾಗ ಬಿಡಿಸುತ್ತದೆ? ಮದುವೆ ಮುರಿದಾಗ. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಜೀವನಾಂಶದ ಮೊಕದ್ದಮೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಆಸ್ತಿ, ಸಾಲ, ಆದಾಯವನ್ನೆಲ್ಲ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕೆಂದು ಕಡ್ಡಾಯ ಮಾಡಿತು. ಒಂದೇ ಸೂರಿನಡಿ ಇದ್ದಷ್ಟು ದಿನ ಕೇಳಲಾಗದ ಲೆಕ್ಕ ಬೇರೆಯಾದ ಮೇಲೆ ಪುಟಗಟ್ಟಲೆ ಸಿಗುತ್ತದೆ. ಆಗಲೂ ಎಲ್ಲವೂ ಸಿಗುವುದಿಲ್ಲ. ಬಿಟ್ಟುಹೋದ ಗಂಡನ ವಿಳಾಸ ತಿಳಿಯಲು ಆಧಾರ್ ಮಾಹಿತಿ ಕೇಳಿದ ಮಹಿಳೆಯ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2023ರಲ್ಲಿ, ಮದುವೆಯಾದ ಮಾತ್ರಕ್ಕೆ ಒಬ್ಬರ ಖಾಸಗಿತನದ ಹಕ್ಕು ಹೋಗುವುದಿಲ್ಲ ಎಂದಿತು. ತತ್ವಕ್ಕೆ ಸರಿಯೇ. ಆದರೆ ಗಂಡ ಎಲ್ಲಿದ್ದಾನೆಂದೇ ತಿಳಿಯದಿದ್ದರೆ ಜೀವನಾಂಶದ ಆದೇಶ ಇಟ್ಟುಕೊಂಡು ಮಾಡುವುದೇನು?

ಇನ್ನೊಂದು ಸಂದರ್ಭ ಸಾವು. 10 ವರ್ಷ ಯಾರೂ ಮುಟ್ಟದ ಠೇವಣಿಗಳು ರಿಸರ್ವ್ ಬ್ಯಾಂಕಿನ ನಿಧಿಗೆ ಸೇರುತ್ತವೆ. 2024ರ ಮಾರ್ಚ್ ಕೊನೆಗೆ ಹಾಗೆ ಸೇರಿದ್ದು 78,213 ಕೋಟಿ ರೂಪಾಯಿ. ಅದರಲ್ಲಿ ಹೆಂಡತಿಗೆ ಹೇಳದೆ ಗಂಡನೋ, ಗಂಡನಿಗೆ ಹೇಳದೆ ಹೆಂಡತಿಯೋ ಇಟ್ಟು ತೀರಿಕೊಂಡದ್ದೂ ಇರಲೇಬೇಕು. ಹುಡುಕಲು 2023ರಲ್ಲಿ ‘ಉದ್ಗಮ್’ ಎಂಬ ಪೋರ್ಟಲ್ ಬಂದಿದೆ.

ಗೋವಾ ಬೇರೆ ದಾರಿ ಹಿಡಿದಿದೆ. ನಮ್ಮ ಕಾರವಾರದಿಂದ ಆಚೆ ಗಡಿ ದಾಟಿದರೆ ಸಾಕು, 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯಂತೆ, ಬೇರೆ ಒಪ್ಪಂದ ಮಾಡಿಕೊಳ್ಳದ ದಂಪತಿಯ ಆಸ್ತಿ ಇಬ್ಬರಿಗೂ ಸಮಪಾಲು. ಹೆಂಡತಿಯ ಸಹಿಯಿಲ್ಲದೆ ಗಂಡ ಮನೆ ಮಾರುವಂತಿಲ್ಲ. ಆದಾಯ ತೆರಿಗೆಯವರೂ ಸಂಬಳವೊಂದನ್ನು ಬಿಟ್ಟು ಉಳಿದ ಆದಾಯವನ್ನು ಇಬ್ಬರಲ್ಲಿ ಅರ್ಧರ್ಧ ಹಂಚಿ ತೆರಿಗೆ ಹಾಕುತ್ತಾರೆ. ಹಾಗೆಂದು ಗೋವಾದ ಹೆಂಗಸರಿಗೆ ಎಲ್ಲ ಲೆಕ್ಕ ಗೊತ್ತಿರುತ್ತದೆ ಎಂದಲ್ಲ, ಆ ಸಂಹಿತೆ ಆಸ್ತಿಯ ಆಡಳಿತವನ್ನು ಗಂಡನ ಕೈಗೇ ಕೊಟ್ಟಿದೆ. ಆದರೂ ಸೂರು ಮಾರುವ ದಿನವಾದರೂ ಹೇಳಲೇಬೇಕು. ಉಳಿದ ಕಡೆ ನ್ಯಾಯಾಲಯಗಳು ಅಲ್ಲೊಂದು ಇಲ್ಲೊಂದು ಹೆಜ್ಜೆ ಇಡುತ್ತಿವೆ. ಗಂಡ ಸೌದಿಯಲ್ಲಿ ದುಡಿದು ಕಳಿಸಿದ ಹಣದಿಂದ ಕೊಂಡ ಆಸ್ತಿಯಲ್ಲಿ ಮನೆ ನಡೆಸಿದ ಹೆಂಡತಿಗೂ ಸಮಪಾಲಿದೆ ಎಂದು ಮದ್ರಾಸ್ ಹೈಕೋರ್ಟ್ 2023ರಲ್ಲಿ ಹೇಳಿತು. ಅದೂ ಸಂಸಾರ ಒಡೆದು ವ್ಯಾಜ್ಯ ಹೂಡಿದ ಮೇಲೆ.

ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು 2024ರ ಜುಲೈನಲ್ಲಿ ಬರೆದ ತೀರ್ಪಿನಲ್ಲಿ ಗೃಹಿಣಿಗೆ ಜಂಟಿ ಖಾತೆ, ಎಟಿಎಂ ಕಾರ್ಡು ಒದಗಿಸುವ ಬಗ್ಗೆ ಗಂಡಂದಿರಿಗೆ ಹೇಳಿದ್ದಾರೆ. ಒಳ್ಳೆಯದೇ. ಆದರೆ ಜಂಟಿ ಖಾತೆಯೊಂದೇ ಮದ್ದು ಎಂದು ನನಗೆ ಅನ್ನಿಸುವುದಿಲ್ಲ. ಗಂಡ ಮೇಲೆ ಬಿದ್ದು ಲೆಕ್ಕ ಕೇಳುವ ಮನೆಯಲ್ಲಿ ಜಂಟಿ ಖಾತೆ ಎಂದರೆ ಹೆಂಡತಿಯ ಕೊನೆಯ ಡಬ್ಬಿಯೂ ಹೋದ ಹಾಗೆ. ಅವರವರ ಕೈಖರ್ಚಿನ ದುಡ್ಡು ಅವರವರದ್ದಾಗಿಯೇ ಇರಲಿ, ಅದರ ಲೆಕ್ಕ ಯಾರೂ ಕೇಳುವುದು ಬೇಡ. ಸಾಲ ಮತ್ತು ಜಾಮೀನಿಗೆ ಮಾತ್ರ ಈ ರಿಯಾಯಿತಿ ಸಲ್ಲದು. ಹೆಂಡತಿಯನ್ನು ಸಹ ಸಾಲಗಾರ್ತಿ ಮಾಡುವ ಬ್ಯಾಂಕು, ಗಂಡನನ್ನು ಹೊರಗೆ ಕೂರಿಸಿ, ಅವಳೊಬ್ಬಳಿಗೇ ಕನ್ನಡದಲ್ಲಿ ‘ಇಷ್ಟು ಸಾಲ, ಕಟ್ಟದಿದ್ದರೆ ನಿಮ್ಮ ಮನೆ ಹರಾಜು’ ಎಂದು ಓದಿ ಹೇಳುವುದನ್ನು ಕಡ್ಡಾಯ ಮಾಡಬೇಕು. ಹತ್ತು ನಿಮಿಷದ ಕೆಲಸ. ಬ್ಯಾಂಕುಗಳು ಇದನ್ನು ಇಷ್ಟಪಡುವುದಿಲ್ಲ, ಯಾಕೆಂದರೆ ಕೆಲವರು ಸಹಿ ಹಾಕದೆ ಎದ್ದುಹೋಗುತ್ತಾರೆ.

ವ್ಯಾಪಾರ ಮಾಡುವ, ಸಾಲದಲ್ಲೇ ಬಂಡವಾಳ ತಿರುಗಿಸುವ ಗಂಡಂದಿರಿಗೆ ಇನ್ನೂ ಹಳೆಯ ಸೌಲಭ್ಯವೊಂದಿದೆ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ 6ನೇ ಸೆಕ್ಷನ್ ಅಡಿ ಹೆಂಡತಿ ಮಕ್ಕಳ ಹೆಸರಿಗೆ ಜೀವವಿಮೆ ಮಾಡಿಸಿದರೆ, ಸಾಲ ಕೊಟ್ಟವರಿಗೆ ವಂಚಿಸಲೆಂದೇ ಮಾಡಿದ್ದಲ್ಲದಿದ್ದರೆ, ಆ ಹಣವನ್ನು ಅವರು ಜಪ್ತಿ ಮಾಡಲು ಬರುವುದಿಲ್ಲ. ವಿಮೆಯ ಅರ್ಜಿಯ ಜೊತೆ ಇನ್ನೊಂದು ಫಾರಂ ತುಂಬಿದರಾಯಿತು. ಪಾಲಿಸಿ ತೆಗೆದುಕೊಳ್ಳುವಾಗಲೇ ತುಂಬಬೇಕು, ಆಮೇಲೆ ಸೇರಿಸಲಾಗದು. ಹೆಂಡತಿಯ ಮುಂದೆ ಕೂತು ತುಂಬಬೇಕಾದ ಫಾರಂ ಅದು. ತನಗೆಷ್ಟು ಸಾಲವಿದೆ ಎಂಬ ಮಾತು ಅಲ್ಲಿಯಾದರೂ ಬರಲೇಬೇಕಾಗುತ್ತದೆ.