ಲಿಂಕ್ ಎಸೆದರೆ ನೋಡುಗರು ಬರ್ತಾರಾ?

ನಮ್ಮ ಕ್ಯಾಂಪಸ್ಸಲ್ಲಿ ಅನಿಮೇಶನ್ ಮಾಡೋರಿಗೆ ಬರವಿಲ್ಲ. ಸಿಎಸ್, ಮೆಕ್ಯಾನಿಕಲ್, ಸಿವಿಲ್ ಎಲ್ಲಾ ಬ್ರಾಂಚಲ್ಲೂ ರಾತ್ರಿ ಕೂತು ಬ್ಲೆಂಡರ್ ಕಲಿಯೋರು ಇದ್ದಾರೆ. ಇಂಟರ್ನಲ್ಸ್, ಲ್ಯಾಬ್ ರೆಕಾರ್ಡ್‌ಗಳ ಮಧ್ಯೆ ಟೈಮ್ ಹೊಂದಿಸಿಕೊಂಡು ಒಂದು ನಿಮಿಷದ ವಿಡಿಯೋ ಮುಗಿಸಿ ಯೂಟ್ಯೂಬಿಗೆ ಹಾಕ್ತಾರೆ. ಆಮೇಲೆ ಲಿಂಕು ಕ್ಲಾಸ್ ಗ್ರೂಪಿಗೆ, ಹಾಸ್ಟೆಲ್ ಗ್ರೂಪಿಗೆ, ಫ್ಯಾಮಿಲಿ ಗ್ರೂಪಿಗೆ ಹೋಗುತ್ತೆ. 'ಸೂಪರ್ ಮಗಾ' ಅಂತ ನಾಲ್ಕು ಮೆಸೇಜು, ಬೆಂಕಿ ಇಮೋಜಿಗಳ ಸಾಲು. ವಾರ ಕಳೆದರೂ ವ್ಯೂಸ್ ಇದ್ದಲ್ಲೇ ಇರುತ್ತೆ. ಮೂರನೇ ವಿಡಿಯೋ ಹೊತ್ತಿಗೆ ಚಾನೆಲ್ ಮಲಗಿರುತ್ತೆ.

'ಕನ್ನಡದಲ್ಲಿ ಅನಿಮೇಶನ್ ಯಾರ್ ನೋಡ್ತಾರೆ ಬಿಡ್ರೋ' ಅನ್ನೋದು ಇದಕ್ಕೆ ಸಿಗೋ ರೆಡಿಮೇಡ್ ಉತ್ತರ. ನಾವಿದನ್ನು ಒಪ್ಪಲ್ಲ. 2025ರಲ್ಲಿ 'ಮಹಾವತಾರ ನರಸಿಂಹ' ಕನ್ನಡದಲ್ಲೂ ಥಿಯೇಟರಿಗೆ ಬಂದಾಗ ನೋಡಿದವರು ಬರೀ ಮಕ್ಕಳಲ್ಲ. 'ನಮ್ಮ ಡ್ರಾಯಿಂಗ್ ಚೆನ್ನಾಗಿಲ್ಲ' ಅನ್ನೋದೂ ನೆಪವೇ. ಅಮೆರಿಕದ ಡಾನ್ ಹರ್ಟ್ಸ್‌ಫೆಲ್ಟ್ ಕಡ್ಡಿ ಕೈಕಾಲಿನ ಗೊಂಬೆಗಳನ್ನಿಟ್ಟುಕೊಂಡೇ 'ರಿಜೆಕ್ಟೆಡ್' ಎಂಬ ಕಿರುಚಿತ್ರ ಮಾಡಿ ಆಸ್ಕರ್ ನಾಮನಿರ್ದೇಶನದವರೆಗೆ ಹೋದರು. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ 'ಫ್ಲೋ' ತಯಾರಾಗಿದ್ದು ನಮ್ಮ ಲ್ಯಾಪ್‌ಟಾಪಿನಲ್ಲೂ ಪುಕ್ಕಟೆ ಸಿಗುವ ಅದೇ ಬ್ಲೆಂಡರಿನಲ್ಲಿ.

ಹಾಗಾದ್ರೆ ತೊಡಕು ಎಲ್ಲಿ? ನಮ್ಮ ಅಭಿಪ್ರಾಯದಲ್ಲಿ, ಲಿಂಕ್ ಎಸೆಯೋದರಲ್ಲೇ ಇದೆ. ಯೂಟ್ಯೂಬ್ ಒಂದು ವಿಡಿಯೋವನ್ನು ಇನ್ನೊಬ್ಬರ ಮುಂದೆ ಇಡಬೇಕೋ ಬೇಡವೋ ಅಂತ ನೋಡುವಾಗ, ಎಷ್ಟು ಜನ ಒತ್ತಿದರು ಅನ್ನೋದಷ್ಟೇ ಲೆಕ್ಕ ಅಲ್ಲ, ಒತ್ತಿದವರು ಎಷ್ಟು ಹೊತ್ತು ಉಳಿದರು ಅನ್ನೋದೂ ಲೆಕ್ಕ. ಸ್ನೇಹಕ್ಕೆ ಕಟ್ಟುಬಿದ್ದು ಲಿಂಕ್ ತೆರೆದು, ಲೈಕ್ ಒತ್ತಿ, ಎಂಟು ಸೆಕೆಂಡಿಗೆ ಎದ್ದು ಹೋಗುವ ಐವತ್ತು ಜನರಿಗಿಂತ, ಕೊನೇವರೆಗೆ ಕೂತು ನೋಡುವ ಹತ್ತು ಜನ ಮೇಲು. ಅಂಥಾದ್ದರಲ್ಲಿ ಮೊದಲ ಹತ್ತು ಸೆಕೆಂಡು ಚಾನೆಲ್ಲಿನ ಲೋಗೋ ಗಿರಗಿರ ತಿರುಗಿಸಿದರೆ ಯಾರು ಉಳೀತಾರೆ ಹೇಳಿ? ಕತೆ ಮೊದಲ ಸೆಕೆಂಡಿನಲ್ಲೇ ಶುರುವಾಗಲಿ. ಹೆಸರು ಕೊನೇಲಿ ಬರಲಿ.

ಇನ್ನು ಒಂಚೂರು ಲೆಕ್ಕ. ಸೆಕೆಂಡಿಗೆ 24 ಫ್ರೇಮ್ ಅಂದ್ರೆ ನಿಮಿಷಕ್ಕೆ 1,440. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ 720 ಚಿತ್ರ ಬೇಕು. ವ್ಲಾಗ್ ಮಾಡೋರ ಹಾಗೆ ದಿನಕ್ಕೊಂದು ಹಾಕೋಕೆ ನಮ್ಮಿಂದಾಗಲ್ಲ, ಆಗಬೇಕಾಗೂ ಇಲ್ಲ. ಜಾಹೀರಾತಿನ ದುಡ್ಡಿಗೆ 1,000 ಚಂದಾದಾರರ ಜೊತೆ ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಬೇಕು. ನಿಮಿಷದ ವಿಡಿಯೋಗಳಲ್ಲಿ ಇದು 2,40,000 ಪೂರ್ತಿ ವೀಕ್ಷಣೆ. ಶಾರ್ಟ್ಸ್ ದಾರಿ ಹಿಡಿದರೆ 90 ದಿನದಲ್ಲಿ ಒಂದು ಕೋಟಿ. ಓದಿನ ಮಧ್ಯೆ ಈ ಓಟಕ್ಕೆ ಬಿದ್ದರೆ ಕೈಗೆ ಸಿಗೋದು ಬ್ಯಾಕ್‌ಲಾಗ್ ಮಾತ್ರ. ತಿಂಗಳಿಗೊಂದು, ಒಂದೂವರೆ ನಿಮಿಷದ್ದು, ಒಂದೇ ಪಾತ್ರ ಇಟ್ಟುಕೊಂಡು ಮಾಡಿದರೆ ಸಾಕು. ಪಾತ್ರದ ಗುರುತು ಹತ್ತಿದರೆ ಜನ ಮತ್ತೆ ಬರ್ತಾರೆ.

ಗುರುತು ಹತ್ತೋದು ಹೇಗೆ? ಮಾತಿನಿಂದ. ಇಲ್ಲೇ ನಮ್ಮ ಹುಡುಗರು ಎಡವೋದು. ಹಾಸ್ಟೆಲ್ಲಿನಲ್ಲಿ 'ಯಾಕಲೇ, ಎಲ್ಲಿಗ್ ಹೊಂಟಿ?' ಅನ್ನೋ ಧಾರವಾಡದವನು ಮೈಕ್ ಮುಂದೆ ಕೂತ ಕೂಡಲೇ 'ಎಲ್ಲಿಗೆ ಹೋಗುತ್ತಿರುವೆ ಗೆಳೆಯಾ?' ಅಂತಾನೆ. 'ಎಂತ ಮಾರಾಯಾ' ಅನ್ನೋ ಮಂಗಳೂರಿನವಳು ಕೂಡ ಪಠ್ಯಪುಸ್ತಕ ಓದೋಕೆ ಶುರು ಮಾಡ್ತಾಳೆ. ದೊಡ್ಡ ಸ್ಟುಡಿಯೋದಷ್ಟು ಚಂದದ ಚಿತ್ರ ಕೊಡೋಕೆ ನಮಗಾಗಲ್ಲ, ನಿಜ. ಆದರೆ ಕಲಬುರಗಿಯ ಬಸ್‌ಸ್ಟ್ಯಾಂಡಿನ ಮಾತನ್ನು ನಾವು ಕೊಡಬಹುದು. ಆ ಮಾತು ಕೇಳಿದ ಆ ಊರಿನವನು ವಿಡಿಯೋವನ್ನು ತಾನಾಗೇ ತನ್ನ ಅಣ್ಣತಮ್ಮಂದಿರಿಗೆ ಕಳಿಸ್ತಾನೆ. ಈ ಕಳಿಸೋದಿದೆಯಲ್ಲ, ಇದಕ್ಕೆ ಯಾರೂ 'ಪ್ಲೀಸ್ ಶೇರ್' ಅನ್ನಬೇಕಿಲ್ಲ.

ಚಿತ್ರ ಸುಮಾರಾಗಿದ್ದರೂ ಜನ ಸಹಿಸ್ತಾರೆ, ಗೊರಗೊರ ಧ್ವನಿ ಸಹಿಸಲ್ಲ. ಫ್ಯಾನ್ ಆಫ್ ಮಾಡಿ, ಕಂಬಳಿ ಹೊದ್ದು ಕೂತು ರೆಕಾರ್ಡ್ ಮಾಡಿದರೂ ಸಾಕಷ್ಟು ಸುಧಾರಿಸುತ್ತೆ. ಬಸ್ಸಿನಲ್ಲಿ ಸೌಂಡ್ ಇಲ್ಲದೆ ನೋಡೋರಿಗೆ ಕನ್ನಡ ಸಬ್‌ಟೈಟಲ್ ಇರಲಿ. ಸಿನಿಮಾ ಹಾಡು ಎತ್ತಿ ಹಾಕಿದರೆ ಹಾಡಿನ ಒಡೆಯರು ವಿಡಿಯೋ ತಡೆಯಬಹುದು, ಅದನ್ನು ಬಿಡೋದೇ ಒಳ್ಳೇದು.

ಇಷ್ಟೆಲ್ಲ ಮಾಡೋರಿಗೆ ಹೇಳಿದ್ದು. ನೋಡೋರಾದ ನಮ್ಮ ಪಾಲೂ ಇದೆ. ಗೆಳೆಯನ ವಿಡಿಯೋ ಬಂದರೆ ಇಮೋಜಿ ಎಸೆಯೋ ಬದಲು ಐದು ಜನ ಒಟ್ಟಿಗೆ ಕೂತು ನೋಡೋಣ. ಎಲ್ಲಿ ನಕ್ಕೆವು, ಎಲ್ಲಿ ಕೈ ನಮ್ಮ ಫೋನಿನ ಕಡೆ ಹೋಯ್ತು ಅಂತ ಮುಖಕ್ಕೇ ಹೇಳೋಣ. ಮೂರನೇ ವಿಡಿಯೋಗೆ ನಿಲ್ಲಿಸಬೇಕು ಅಂದುಕೊಂಡಿದ್ದವನು ನಾಲ್ಕನೇದು ಮಾಡೋದು ಅಂಥ ಮಾತಿನಿಂದಲೇ. ಕನ್ನಡದಲ್ಲಿ ಒಳ್ಳೇ ಅನಿಮೇಶನ್ ಇಲ್ಲ ಅಂತ ಗೊಣಗೋ ಹಕ್ಕು, ಹಾಗೆ ಕೂತು ನೋಡಿದವರಿಗಷ್ಟೇ ಇರಲಿ.